ಹಿಡಿ, ಬಿಡಬ್ಯಾಡ

ಮೋಟೆಬೆನ್ನೂರ ರೋಡಿನ್ಯಾಗ ಮೊನ್ನೆ
ಮೆಣಸಿನಕಾಯಿ ಚೀಲದ ಟ್ರ್ಯಾಕ್ಟರ್ ಹಿಂದ
ಮುಂದಿನ ಬ್ರೇಕ್ ಹಿಡಿದೆ.
ಲಿವರ್ ಬಂದು ಹ್ಯಾಂಡಲ್ಲಿಗೆ ಒರಗಿತು
ನಿದ್ದಿಗಣ್ಣಿನ ಕೂಸು ಹೆಗಲಿಗೆ ಒರಗಿದಂಗ.
ಹಿಂದಿನ ಬ್ರೇಕು, ನನ್ನ ಎರಡೂ ಚಪ್ಪಲಿ
ಕೂಡಿ ಗಾಡಿ ನಿಲ್ಲಿಸಿದವು.
ಮೂಗಿಗೂ ಚೀಲಕ್ಕೂ ಒಂದು ಗೇಣು.

ದಾವಲಸಾಬ ಚಕ್ರದ ಮುಂದ ಕುಕ್ಕರಗಾಲಿಲೆ ಕುಂತ.
ಮ್ಯಾಲಿನ ಡಬ್ಬಿ ತಗದು ನೋಡಿದರ
ಆಯಿಲು ಕಾದು ಕಾದು ಕಪ್ಪಾದ ಚಹಾ.
'ಬದಲಿ ಮಾಡಿ ಎಷ್ಟು ವರ್ಷ ಆತ್ರಿ?'
ಕೇಳಬೇಕಾದ್ದು ಹಾನಗಲ್ಲಿನ ನನ್ನ ಷಡ್ಡಕ ಮಹಾರುದ್ರಪ್ಪನ್ನ,
'ಒಂದ ಕೈ ಗಾಡಿ, ಕಂಪನಿ ಬಣ್ಣ' ಅಂತ
ದೇವರ ಜಗಲಿ ಮುಂದ ನಿಂತು ಮಾರಿದಾತನ್ನ.
'ಇದು ಗಾಳ್ಯಾಗಿನ ನೀರು ಕುಡೀತೈತ್ರಿ,
ಮುಚ್ಚಿಟ್ಟರೂ ಕುಡೀತೈತಿ.'

ಕೆಲಸ ಇಬ್ಬರದು.
ಅವನ ಕೈಯಾಗ ಎಂಟರ ಪಾನಾ,
ನಿಪ್ಪಲ್ಲಿಗೆ ಸಿಗಿಸಿದ ಸಲೈನ್ ನಳಿಗಿ.
ನನ್ನ ಕೈಯಾಗ ಲಿವರ್.
'ಒತ್ತು. ಒತ್ತು. ಒತ್ತು. ಹಿಡಿ, ಬಿಡಬ್ಯಾಡ.'
ಅವ ಸಡಿಲ ಮಾಡತಾನ, ನಳಿಗ್ಯಾಗ ಗುಳ್ಳಿ ಓಡತಾವ,
ನನ್ನ ಬೆರಳಿನ ಕೆಳಗ ಏನೋ ಮೆತ್ತಗ ಕುಸೀತೈತಿ.
ಬಿಗಿ ಮಾಡತಾನ. 'ಈಗ ಬಿಡು.'
ಅದಕ್ಕಿಂತ ಒಂದು ಚಿಟಿಕಿ ಮೊದಲ ಬಿಟ್ಟರ
ಹೋದ ಗಾಳಿ ತಿರುಗಿ ಮನಿಗೆ.

ಆದರ ಇದು ಬ್ಯಾಡಗಿ. ಫೆಬ್ರವರಿ ತಿಂಗಳು.
ಎದುರಿನ ಕಟ್ಟಿ ಮ್ಯಾಲ ತೊಟ್ಟು ಮುರಿಯೋ ಹೆಂಗಸರು,
ಮಂಡಿ ಮಂಡಿ ಕೆಂಪು, ಅದರ ಘಾಟು.
'ಹಿಡಿ' ಅಂದಾಗನ ನನಗ ಸೀನು.
ಕೈ ಬಿಟ್ಟಿತು.
ದಾವಲಸಾಬ ಏನೂ ಅನ್ನಲಿಲ್ಲ, ಮೊದಲಿಂದ ಸುರು.
ಎರಡನೇ ಸಲ ಅವನಿಗೇ ಬಂತು,
ಪಾನಾ ಜಾರಿ ಮೊಣಕಾಲಿಗೆ ಬಡೀತು.
ಹೊಳೆಬಸವ್ವ ಸೆರಗಿನ ಒಳಗಿಂದ ನಕ್ಕಳು:
'ಮೂಗಿಗೆ ಅರವಿ ಕಟ್ಟಿಕೋರಿ, ನಾವು ಕಟ್ಟಿಲ್ಲೇನು?'

ಕಟ್ಟಿಕೊಂಡಿವಿ.
ಎರಡು ಬಾಟಲಿ ಮುಗೀತು. ಲಿವರ್ ಇನ್ನೂ
ಸಾರಿನ್ಯಾಗ ನೆನೆದ ರೊಟ್ಟಿ.
ಪೈಪು ಹಿಂಡಿ ನೋಡಿದ, ಉಬ್ಬಿಲ್ಲ.
ತಾಮ್ರದ ವಾಷರ್ ಹೊಸಾವು ಹಾಕಿದ.
ಕ್ಲಚ್ ವಾಯರಿನ ಒಂದು ಎಳಿ ಬಿಚ್ಚಿ
ಡಬ್ಬಿ ತಳದ ಸಾಸಿವಿಗಿಂತ ಸಣ್ಣ ತೂತಿನ್ಯಾಗ ತೂರಿಸಿದ,
ಕರೀ ಹರಳು ಒಂದು ತೇಲಿ ಬಂತು.
'ಇದ ಇರಬೇಕು' ಅಂದ.
ಇದಲ್ಲ.

ನಾ ಪಶು ಆಸ್ಪತ್ರಿ ಕಂಪೌಂಡರ್.
ಹೊಟ್ಟಿ ಉಬ್ಬಿದ ಎಮ್ಮಿಗೆ ನಾವು ಮ್ಯಾಲಿನ ಪಕ್ಕಡಿಗೆ ಚುಚ್ಚತೇವಿ,
ಗಾಳಿ ಇರೂದು ಅಲ್ಲಿ.
'ದಾವಲಸಾಬ, ಅದಕ್ಕ ಮ್ಯಾಲ ಹೋಗಬೇಕಾಗೇತಿ.
ನಾವು ಮುಂಜಾನಿಂದ ಕೆಳಗ ಜಗ್ಗಾಕ ಹತ್ತೇವಿ.'
ಅವ ನನ್ನ ಮಾರಿ ನೋಡಿದ, ಗಾಡಿ ನೋಡಿದ.
ನನ್ನ ಚೀಲದಾಗ ಎಮ್ಮಿ ಸಿರಿಂಜು, ಕವರ್ ಒಡೀಲಾರದ್ದು.

ಹೊಸ ಆಯಿಲು ತುಂಬಿ ಕೆಳಗಿನ ನಿಪ್ಪಲ್ಲಿನಿಂದ
ಸಾವಕಾಶ ಏರಿಸಿದಿವಿ.
ಮ್ಯಾಲ, ಡಬ್ಬಿಯೊಳಗ,
ಬುಳಕ್.
ಸ್ವಲ್ಪ ತಡದು ಇನ್ನೊಂದು, ದೊಡ್ಡದು,
ಬಾಳ ದಿನದ್ದು.
ಲಿವರ್ ಒತ್ತಿದೆ: ಅರ್ಧಕ್ಕ ಬಂದು ನಿಂತಿತು,
ಹಠದ ಎತ್ತಿನಂಗ.

ಖುಷಿಯೊಳಗ ಡಬ್ಬಿ ತುಂಬಿದ್ದು ಯಾರೂ ನೋಡಲಿಲ್ಲ.
ಟ್ಯಾಂಕಿನ ಮ್ಯಾಲ ನಾಕು ಹನಿ.
ನೀರು ತಂದು ಸುರುವೂದರಾಗ ಬಣ್ಣ ಸುಕ್ಕುಗಟ್ಟಿ ಎದ್ದಿತ್ತು.
ಅರವಿಯಿಂದ ಒರೆಸಿದರ
ಕರೀದರ ಕೆಳಗ ಕೆಂಪು.
ಒರೆಸಿದಷ್ಟೂ ಕೆಂಪು.
'ಕಂಪನಿ ಬಣ್ಣ' ಅಂದ ದಾವಲಸಾಬ, ನಗಲಾರದ.

ಲಿವರಿಗೆ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದ,
ರಾತ್ರಿ ಹಿಂಗ ಇರ್ಲಿ, ಉಳಿದದ್ದು ತಾನ ಏರಿ ಬರತೈತಿ.
ನಡಕೋತ ಮನಿಗೆ ಹೊಂಟಾಗ ಷಡ್ಡಕನ ಫೋನು.
'ಗಾಡಿ ಹ್ಯಾಂಗೈತೋ?'
'ನಿಲ್ಲತೈತಿ' ಅಂದೆ.
ಕೆಂಪಿನ ಮಾತು ತಗೀಬೇಕಂತ ಬಾಯಿ ತಗದೆ.
ಸೀನು ಬಂತು.
'ಒಂಟಿ ಸೀನು ಛಲೋ ಅಲ್ಲ' ಅಂದ ಅವ,
'ಇನ್ನೊಂದು ಸೀನೋ ಮಾರಾಯ.'